ಅಂಗವಿಕಲ ರೈತರಿಗೆ ತಕ್ಕ ಒಕ್ಕಲುತನದ ಸಾಧನಗಳು: ಮುಗದ ಸೀಮೆಯನ್ನು ಲಕ್ಷಿಸಿ ಕೆಲವು ವಿಚಾರಗಳು

ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೇಲ್ವೆ ಹಾದಿಯಲ್ಲಿ ಬರುವ ಮುಗದ ಗ್ರಾಮವು ಭತ್ತದ ಬೆಳೆಗೆ ಹೆಸರಾದದ್ದು. ಅದರ ಮೂಡಲಿಗೆ ಜೋಳ ಹತ್ತಿಗಳ ಎರೆಯ ಬಯಲು, ಪಡುವಲಿಗೆ ಮಲೆನಾಡಿನ ಕಾಡು. ಇವೆರಡರ ನಡುವಿನ ಈ ಅರೆಮಲೆನಾಡಿನ ಸೀಮೆಯಲ್ಲಿ ಸಸಿ ನೆಡದೆ, ಮುಂಗಾರಿನ ಮೊದಲ ಹದಕ್ಕೆ ಭತ್ತವನ್ನು ಕೂರಿಗೆಯಿಂದ ಬಿತ್ತುವದು ಹಿಂದಿನಿಂದ ಬಂದ ರೂಢಿ. ಈಗ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿರುವ ಇಲ್ಲಿಯ ಸಂಶೋಧನಾ ಕೇಂದ್ರದಿಂದ 'ಮುಗದ ಸುಗಂಧ' ಮೊದಲಾದ ತಳಿಗಳು ಹೊರಬಿದ್ದಿರುವ ಸಂಗತಿಯು ವಾಚಕರಿಗೆ ತಿಳಿದೇ ಇದೆ. ತುಂಗಭದ್ರಾ ಕಾಲುವೆಯ ನೀರಿನಲ್ಲಿ ನಾಟಿ ಮಾಡಿದ ಗದ್ದೆಯಲ್ಲಿ ಹುಲುಸಾಗಿ ಬಂದ ತಳಿಯು ಮುಗದದ ಕೂರಿಗೆಸಾಲಿನಲ್ಲಿಯೂ ಹಾಗೆಯೇ ಬರುವದೆಂದು ಯಾವ ಅನುಭವಿಕ ರೈತನೂ ನಂಬುವದಿಲ್ಲ. ನಾಲ್ಕಾರು ಹಂಗಾಮು ಇಲ್ಲಿಯ ಮಣ್ಣಿನಲ್ಲಿಯೇ ಬೆಳೆದು ನೋಡಿದ ಬಳಿಕವೇ ಬೀಜವನ್ನು ಶಿಫಾರಸು ಮಾಡುವದು ಪದ್ಧತಿಯಾಗಿದೆ.

ಬೀಜದ ವಿಷಯದಲ್ಲಿ ಎಲ್ಲರೂ ಒಪ್ಪಿದ ಈ ನಿಯಮವನ್ನು ಮನುಷ್ಯನ ಕೈಕಾಲಿಗೆ ಕೂಡಿಸುವ ಸಾಧನಗಳ ವಿಷಯದಲ್ಲಿ ಮಾತ್ರ ಬಹಳ ಮಂದಿ ಮರೆತುಬಿಡುತ್ತಾರೆ. ಎಲ್ಲಿಯೋ ಮಾಡಿದ, ಯಾರದೋ ಅಳತೆಗೆ ಸರಿಹೋಗುವ ವಸ್ತುವನ್ನು ಅಂಗವಿಕಲನಾದ ರೈತನ ಕೈಯಲ್ಲಿಟ್ಟು, ಅವನು ಅದನ್ನು ಉಪಯೋಗಿಸದೆ ಅಟ್ಟಕ್ಕೆ ಹಾಕಿದರೆ ಅವನಿಗೇ ಆಸಕ್ತಿಯಿಲ್ಲವೆಂದು ದೂರುವದುಂಟು. ಸಾಧನದ ರಚನೆಯಲ್ಲಿಯೇ ದೋಷವಿರಬಹುದೆಂಬುದು ದೂರುವವರ ಮನಸ್ಸಿಗೆ ಬರುವದಿಲ್ಲ.

ಈ ವಿಷಯವು ನಾಲ್ಕೆಂಟು ಜನರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಜನ ಅಂಗವಿಕಲರಿದ್ದರು. ಅವರಲ್ಲಿ ನೂರಕ್ಕೆ 69ರಷ್ಟು ಜನ ಹಳ್ಳಿಗಳಲ್ಲಿಯೇ ವಾಸವಾಗಿದ್ದರು. ಕರ್ನಾಟಕದಲ್ಲಿಯ ಸಂಖ್ಯೆಯು 13 ಲಕ್ಷ 24 ಸಾವಿರ. ಹಳ್ಳಿಯಲ್ಲಿರುವವನ ಜೀವನಾಧಾರವು ಬಹುಮಟ್ಟಿಗೆ ಭೂಮಿಯೇ ಆದ್ದರಿಂದ, ಅವನ ಕೈಯೋ ಕಾಲೋ ಹೋದಾಗ ಮೊದಲು ಕೈಬಿಟ್ಟು ಹೋಗುವದು ಸಾಗುವಳಿ. ಎರಡು ಎಕರೆಯ ಒಡೆಯನು ತನ್ನ ಹೊಲವನ್ನು ಪಾಲಿಗೋ ಲಾವಣಿಗೋ ಕೊಟ್ಟು ಕಟ್ಟೆಯ ಮೇಲೆ ಕೂಡ್ರುತ್ತಾನೆ. ಕೂಲಿಯವನಾದರೆ ಅವನನ್ನು ಯಾರೂ ಕರೆಯುವದಿಲ್ಲ. ಕರೆದರೂ ಅರ್ಧಕೂಲಿಗೆ ಕಾವಲು ಇಡುತ್ತಾರೆ. ಇಪ್ಪತ್ತು ವರ್ಷ ಮಣ್ಣಿನ ಹದ ನೋಡಿದ ಕಣ್ಣು, ಎತ್ತಿನ ನಡಿಗೆಯಿಂದಲೇ ನೊಗದ ದೋಷವನ್ನು ತಿಳಿಯುವ ಬುದ್ಧಿ, ಇವು ಹೋಗಿರುವದಿಲ್ಲ. ಹೋದದ್ದು ಒಂದು ಹಿಡಿತ ಅಥವಾ ಒಂದು ಹೆಜ್ಜೆ. ಆ ಒಂದನ್ನು ತುಂಬಿಕೊಡುವ ಸಾಧನವಿಲ್ಲದ್ದರಿಂದ ಉಳಿದದ್ದೆಲ್ಲವೂ ವ್ಯರ್ಥವಾಗುತ್ತದೆ.

ತಾಲೂಕಿನ ಸ್ಥಳದಲ್ಲಿ ನಡೆಯುವ ಶಿಬಿರಗಳಲ್ಲಿ ಕೊಡುವ ಮೂರು ಗಾಲಿಯ ಸೈಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಾನಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಭಾರತ ಸರಕಾರದ ಕೃತಕ ಅವಯವ ನಿರ್ಮಾಣ ಸಂಸ್ಥೆಯು ಇಂಥ ಸಾಧನಗಳನ್ನು ತಯಾರಿಸಿ ದೇಶದ ಎಲ್ಲ ಭಾಗಗಳಿಗೂ ಒದಗಿಸುತ್ತದೆ. ಡಾಂಬರಿನ ರಸ್ತೆಯ ಮೇಲೆ ಅದು ಉತ್ತಮ ವಾಹನ. ಅದರಿಂದ ಪೇಟೆಗೆ ಹೋಗಿಬರುವ, ಚಿಕ್ಕ ಅಂಗಡಿಯನ್ನು ನಡೆಸುವ ಜನರಿಗೆ ಆಗಿರುವ ಉಪಕಾರವು ಸಣ್ಣದಲ್ಲ. ಆದರೆ ಆಷಾಢದಲ್ಲಿ ಮುಗದ ಸೀಮೆಯ ಹೊಲದ ಹಾದಿಯನ್ನು ಕಂಡವರು ಅದರ ಮಿತಿಯನ್ನೂ ಕಾಣಬಲ್ಲರು. ಜಿಗುಟಾದ ಕೆಸರು ಗಾಲಿಗೂ ತಗಡಿಗೂ ನಡುವೆ ಸಿಕ್ಕಿ ಒತ್ತುತ್ತದೆ. ಕೈಯಿಂದ ತಿರುಗಿಸುವವನ ಬಲವೆಲ್ಲ ಆ ಕೆಸರಿನ ಜಗ್ಗಾಟಕ್ಕೇ ಖರ್ಚಾಗುತ್ತದೆ. ಹಾದಿಯು ಮುಗಿದ ಬಳಿಕ ಇರುವದು ಒಂದಡಿ ಅಗಲದ ಬದು. ಆದಕಾರಣ ಆ ಸೈಕಲ್ಲು ಅವನನ್ನು ಬಸ್ಸಿನ ನಿಲ್ದಾಣದ ವರೆಗೆ ಮುಟ್ಟಿಸುವದೇ ಹೊರತು ಹೊಲಕ್ಕೆ ಮುಟ್ಟಿಸುವದಿಲ್ಲ. ಅವನಿಗೆ ಹೊಲಕ್ಕೆ ಹೋಗುವದೇ ಮುಖ್ಯವಾಗಿದ್ದರೆ, ಅವನ ಅವಶ್ಯಕತೆಯನ್ನು ಯಾರೂ ಕೇಳಿಯೇ ಇಲ್ಲವೆಂದಾಯಿತು.

ಇದಕ್ಕೆ ಪ್ರತಿಯಾಗಿ, ದೇಶದ ಜನರ ನಡೆನುಡಿಯನ್ನು ನೋಡಿ ರಚಿಸಿದ ಸಾಧನವು ಎಷ್ಟು ದೂರ ಸಾಗಬಹುದೆಂಬುದಕ್ಕೆ ಜಯಪುರದ ಕೃತಕ ಪಾದವು ಪ್ರಸಿದ್ಧವಾದ ನಿದರ್ಶನ. ಅದರ ಹುಟ್ಟಿನ ಕಥೆಯನ್ನು ಊರಿನ ಬಡಿಗರೂ ಕಮ್ಮಾರರೂ ತಿಳಿದುಕೊಳ್ಳುವದು ಲೇಸು. 1950ರ ದಶಕದಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಸಿದ್ಧವಾದ ಕೃತಕ ಪಾದವೊಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಬಳಕೆಗೆ ಬಂದಿತು. ಅದರೊಳಗೆ ಕಟ್ಟಿಗೆಯ ದಿಂಡು, ಹಿಮ್ಮಡಿಗೆ ಮೆತ್ತನೆಯ ರಬ್ಬರು, ಹೊರಗೆ ಬೂಟು. ಬೂಟಿನೊಳಗೆ ಅಡಗಿದ್ದರೆ ಮಾತ್ರ ಅದು ಬಾಳುತ್ತದೆ. ಕಣಕಾಲಿನಲ್ಲಿ ಮೇಲಕ್ಕೆ ಬಾಗದ್ದರಿಂದ ಅದನ್ನು ಕಟ್ಟಿಕೊಂಡವನು ಕುಕ್ಕರುಗಾಲಿನಲ್ಲಿ ಕೂಡ್ರಲಾರ, ಚಕ್ಕಳಮಕ್ಕಳ ಹಾಕಲಾರ, ಬೂಟನ್ನು ಬಿಚ್ಚಲಾಗದೆ ದೇವರ ಗುಡಿಯನ್ನೂ ಅಡಿಗೆಮನೆಯನ್ನೂ ಹೊಗಲಾರ, ನೀರು ನಿಂತ ಗದ್ದೆಗೆ ಇಳಿಯಲಾರ. ಕುರ್ಚಿಯ ಮೇಲೆ ಕೂಡ್ರುವ, ಕಲ್ಲುಹಾಸಿನ ಬೀದಿಯಲ್ಲಿ ನಡೆಯುವ ಜನರಿಗಾಗಿ ಹುಟ್ಟಿದ ಪಾದವನ್ನು ರಾಜಸ್ಥಾನದ ರೈತರು ಒಂದೆರಡು ತಿಂಗಳು ಕಟ್ಟಿಕೊಂಡು, ಮೂಲೆಗಿಟ್ಟು, ಮತ್ತೆ ಊರುಗೋಲನ್ನೇ ಹಿಡಿದರು.

ಜಯಪುರದ ಸವಾಯಿ ಮಾನಸಿಂಗ ಆಸ್ಪತ್ರೆಯಲ್ಲಿ ಎಲುಬಿನ ವೈದ್ಯರಾಗಿದ್ದ ಡಾಕ್ಟರ ಪಿ. ಕೆ. ಸೇಠಿಯವರಿಗೆ ಈ ಸಂಗತಿಯು ಕಂಡುಬಂದಿತು. ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೈಕಸಬನ್ನು ಕಲಿಸುತ್ತಿದ್ದ ಪಂಡಿತ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯು, ಶಾಲೆಯ ಓದು ಸ್ವಲ್ಪವೇ ಇದ್ದರೂ, ಕಾಲಿಗೆ ಕಾಲಿನಂತೆಯೇ ಇರುವ ಪಾದ ಬೇಕೆಂದು ಹಟ ಹಿಡಿದನು. ಒಂದು ದಿನ ಸೈಕಲ್ಲಿನ ಗಾಲಿಯು ಪಂಕ್ಚರಾಗಿ ದುರಸ್ತಿಯ ಅಂಗಡಿಗೆ ಹೋದಾಗ, ಅಲ್ಲಿ ಲಾರಿಯ ಸವೆದ ಟಾಯರಿಗೆ ಹೊಸ ರಬ್ಬರನ್ನು ಕಾಯಿಸಿ ಕೂಡಿಸುತ್ತಿದ್ದದ್ದನ್ನು ನೋಡಿ ಅವನಿಗೆ ಉಪಾಯವು ಹೊಳೆಯಿತೆಂದು ಹೇಳುತ್ತಾರೆ. ಹೀಗೆ 1968-69ರ ಸುಮಾರಿಗೆ ಸಿದ್ಧವಾದ ಪಾದದಲ್ಲಿ ಮುಂಗಾಲಿಗೂ ಹಿಮ್ಮಡಿಗೂ ಮೆತ್ತನೆಯ ರಬ್ಬರಿನ ಗಟ್ಟಿಗಳು, ಕಣಕಾಲಿಗೆ ಕಟ್ಟಿಗೆಯ ತುಂಡು. ಇವೆಲ್ಲವನ್ನೂ ಟಾಯರಿನ ರಬ್ಬರಿನಲ್ಲಿ ಸುತ್ತಿ, ಅಚ್ಚಿನೊಳಗಿಟ್ಟು ಕಾಯಿಸಿ ಒಂದಾಗಿಸುತ್ತಾರೆ. ಅದು ಮೇಲಕ್ಕೆ ಬಾಗುತ್ತದೆ, ಒಳಕ್ಕೂ ಹೊರಕ್ಕೂ ಹೊರಳುತ್ತದೆ. ಆದ್ದರಿಂದ ಹೆಂಟೆಗಳ ಮೇಲೆ ನಡೆದರೂ ಕಾಲು ತಿರುಚುವದಿಲ್ಲ. ನೀರಿಗೆ ಕೆಡುವದಿಲ್ಲ, ಬೂಟಿನ ಹಂಗಿಲ್ಲ. ಮುಂಚೆ ಅಲ್ಯುಮಿನಿಯಮ್ ತಗಡಿನಿಂದ ಮಾಡುತ್ತಿದ್ದ ಮೇಲಿನ ಭಾಗವನ್ನು ಆಮೇಲೆ ಹೊಲಕ್ಕೆ ನೀರು ಹಾಯಿಸುವ ಜಾತಿಯ ಗಟ್ಟಿ ಪ್ಲಾಸ್ಟಿಕ್ ಪೈಪನ್ನು ಕಾಯಿಸಿ ಮಾಡಲಾರಂಭಿಸಿದರು. ಶ್ರೀ ಡಿ. ಆರ್. ಮೆಹತಾ ಅವರು 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಮೂಲಕ ಈ ಪಾದವು ದೇಶವಿದೇಶಗಳಿಗೆ ಹೋಯಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪಾರಿತೋಷಕವು ದೊರೆಯಿತು. ಕೈಕಸಬಿನವನ ಹೆಸರು ವೈದ್ಯರ ಹೆಸರಿನಷ್ಟು ಹರಡಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾಗದು.

ನಮ್ಮ ಭಾಗದವರು ಇದಕ್ಕಾಗಿ ಜಯಪುರದ ವರೆಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿಯೇ ಮಹಾವೀರ ಲಿಂಬ್ ಸೆಂಟರ್ ಎಂಬ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1994ರಿಂದ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯು ಇದೇ ಕೆಲಸದಲ್ಲಿದೆ. ಆದರೆ ಕಾಲು ಕಟ್ಟಿಸಿಕೊಂಡು ಬಂದ ಮಾತ್ರಕ್ಕೆ ಕೆಲಸವು ಮುಗಿಯುವದಿಲ್ಲ. ಮೋಟುಕಾಲು ಕೂಡ್ರುವ ಚಿಪ್ಪಿನಲ್ಲಿ ಗದ್ದೆಯ ನೀರು ಸೇರಿದರೆ ಚರ್ಮವು ನೆನೆದು ಹುಣ್ಣಾಗುತ್ತದೆ. ಪ್ರತಿದಿನ ಸಾಯಂಕಾಲ ಚಿಪ್ಪನ್ನು ತೊಳೆದು ಒರಸಿ, ಮೋಟುಕಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಸಕ್ಕರೆ ರೋಗದಿಂದ ಕಾಲು ಹೋದವನಿಗಂತೂ ಈ ಎಚ್ಚರವು ಅತ್ಯಗತ್ಯ. ಮೊದಲ ವರ್ಷದಲ್ಲಿ ಮೋಟುಕಾಲು ಸಣ್ಣಗಾಗುತ್ತ ಹೋಗುವದರಿಂದ ಚಿಪ್ಪು ಸಡಿಲಾಗಿ, ರೈತನು ನೋವೆಂದು ಕಾಲನ್ನೇ ಬಿಡುತ್ತಾನೆ. ಮರಳಿ ಅಳತೆ ಕೊಡಲು ಒಂದು ಸಲ ಹುಬ್ಬಳ್ಳಿಗೆ ಕರೆದೊಯ್ಯುವವರು ಇಲ್ಲದ್ದರಿಂದ ಹಾಳಾಗುವ ಕೃತಕ ಕಾಲುಗಳುಂಟು.

ಕೈಯ ವಿಷಯದಲ್ಲಿ ಇನ್ನೊಂದು ಮಾತು. ನೋಡಲಿಕ್ಕೆ ಕೈಯಂತೆಯೇ ಇರುವ, ಐದು ಬೆರಳುಗಳ ಕೃತಕ ಕೈಯನ್ನು ಜನರು ಬಯಸುವದು ಸಹಜ. ಮದುವೆಮುಂಜಿಗೆ ಅದು ಸರಿ. ಹೊಲದ ಕೆಲಸಕ್ಕೆ ಅದಕ್ಕಿಂತ ಕೊಕ್ಕೆಯೇ ಮೇಲು. ಅಮೇರಿಕೆಯ ಡಾರೆನ್ಸ್ ಎಂಬವನು ಕಟ್ಟಿಗೆ ಕೊಯ್ಯುವ ಕಾರಖಾನೆಯ ಅಪಘಾತದಲ್ಲಿ ಬಲಗೈಯನ್ನು ಕಳೆದುಕೊಂಡು, ಪೇಟೆಯಲ್ಲಿ ಸಿಕ್ಕ ಸಾಧನಗಳಿಂದ ತೃಪ್ತಿಯಾಗದೆ, ತಾನೇ ಒಂದು ಸೀಳುಕೊಕ್ಕೆಯನ್ನು ರಚಿಸಿ 1912ರಲ್ಲಿ ಅದರ ಹಕ್ಕನ್ನು ನೋಂದಾಯಿಸಿದನು. ಎರಡು ಕಬ್ಬಿಣದ ಬೆರಳುಗಳು. ಅವನ್ನು ಮುಚ್ಚಿ ಹಿಡಿಯಲು ರಬ್ಬರಿನ ಬಳೆಗಳು. ತೆರೆಯಲು ಹೆಗಲಿನ ಪಟ್ಟಿಗೆ ಕಟ್ಟಿದ ತಂತಿ. ಹೆಗಲನ್ನು ಮುಂದೂಡಿದರೆ ತೆರೆಯುತ್ತದೆ, ಬಿಟ್ಟರೆ ಹಿಡಿಯುತ್ತದೆ. ನೂರು ವರ್ಷಗಳು ಮೀರಿದರೂ ಕೆಲಸಗಾರರಲ್ಲಿ ಅದೇ ತತ್ವದ ಕೊಕ್ಕೆಯು ಇಂದಿಗೂ ಬಳಕೆಯಲ್ಲಿದೆ. ಬೇಕಾದವನೇ ರಚಿಸಿದ್ದರಿಂದ ಅದು ನಿಂತಿತು.

ಹಾಗಾದರೆ ಒಂದು ಊರಿನಲ್ಲಿ ಇಂಥ ಸಾಧನವನ್ನು ರಚಿಸಬೇಕಾದಾಗ ಎಲ್ಲಿಂದ ಆರಂಭಿಸಬೇಕು? ಶರೀರದ ದೋಷದಿಂದ ಆರಂಭಿಸಿದರೆ ಬಡಿಗನು ದಾರಿ ತಪ್ಪುತ್ತಾನೆ, ಕೆಲಸದಿಂದ ಆರಂಭಿಸಬೇಕು. ಮುಂಗೈಯ ನಡುವಿನಲ್ಲಿ ಎಡಗೈ ಹೋದ ಒಬ್ಬ ರೈತನಿದ್ದಾನೆಂದು ಭಾವಿಸೋಣ. ಅವನೊಡನೆ ಒಂದಿಡೀ ದಿನ ಹೊಲದಲ್ಲಿದ್ದು, ಯಾವ ಕೆಲಸವನ್ನು ಅವನು ಈಗಾಗಲೇ ತನ್ನ ಉಪಾಯದಿಂದ ಮಾಡುತ್ತಾನೆ, ಯಾವುದನ್ನು ಹಲ್ಲಿನಿಂದ ಕಚ್ಚಿ ಇಲ್ಲವೆ ಮೊಣಕಾಲಿನಿಂದ ಒತ್ತಿ ಮಾಡುತ್ತಾನೆ, ಯಾವುದನ್ನು ಇನ್ನೊಬ್ಬರಿಗೆ ಬಿಡುತ್ತಾನೆಂಬುದನ್ನು ನೋಡಬೇಕು. ಹಲ್ಲು ಮೊಣಕಾಲುಗಳು ಬಂದ ಸ್ಥಳವೇ ಸಾಧನವು ಬೇಕಾದ ಸ್ಥಳ.

ಎತ್ತುಗಳನ್ನು ಕಟ್ಟಿಹಾಕುವದು ಮೊದಲ ತೊಡಕು. ಒಂದೇ ಕೈಯಿಂದ ಗಂಟು ಹಾಕಲು ಬರುವದಿಲ್ಲ. ಕಣ್ಣಿಯ ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಅಡ್ಡಕಟ್ಟಿಗೆಯ ಗುಬ್ಬಿಯನ್ನು ಮಾಡಿದರೆ ಗಂಟಿನ ಕೆಲಸವೇ ಇಲ್ಲ. ಗುಬ್ಬಿಯನ್ನು ಕುಣಿಕೆಯಲ್ಲಿ ತೂರಿಸಿದರೆ ಸಾಕು. ಇದಕ್ಕೆ ಖರ್ಚು ಇಲ್ಲವೆಂದರೂ ಸರಿ. ಕೂರಿಗೆಯ ಬಟ್ಟಲಿಗೆ ಬೀಜವನ್ನು ಬಿಡುವದು ಒಂದು ಕೈಯ ಕೆಲಸವೇ. ಆದರೆ ಇನ್ನೊಂದು ಕೈ ಉಡಿಯ ಬಾಯನ್ನು ಹಿಡಿದಿರುತ್ತದೆ. ಬೀಜದ ಚೀಲದ ಬಾಯಿಗೆ ಬೆತ್ತದ ಬಳೆಯನ್ನು ಹೊಲಿದು ಸೊಂಟಕ್ಕೆ ಕಟ್ಟಿದರೆ ಬಾಯಿ ತೆರೆದೇ ಇರುವದು; ಬಲಗೈಯೊಂದರಿಂದಲೇ ಸಮನಾಗಿ ಬೀಜ ಬಿಡಬಹುದು. ಔಷಧ ಸಿಂಪಡಿಸುವ ಹಳೆಯ ಯಂತ್ರಕ್ಕೆ ಒಂದು ಕೈ ಹಿಡಿಕೆಯನ್ನು ಆಡಿಸಲು, ಇನ್ನೊಂದು ಕೈ ನಳಿಗೆಯನ್ನು ಹಿಡಿಯಲು ಬೇಕು. ಬ್ಯಾಟರಿಯಿಂದ ನಡೆಯುವ ಹೊಸ ಯಂತ್ರದಲ್ಲಿ ಮೊದಲನೆಯದು ಬೇಡವಾಗಿದೆ. ಅಂಗವಿಕಲರಿಗಾಗಿ ಹುಟ್ಟದಿದ್ದರೂ ಅವರಿಗೆ ಒದಗಿಬರುವ ಇಂಥ ವಸ್ತುಗಳನ್ನು ಗುರುತಿಸುವದೂ ಸಾಧನ ರಚನೆಯ ಒಂದು ಭಾಗವೇ ಸರಿ.

ಕೊಯ್ಲಿನಲ್ಲಿ ಮಾತ್ರ ಕಷ್ಟವು ಹೆಚ್ಚು. ಎಡಗೈ ಪೈರಿನ ಹಿಡಿಯನ್ನು ಹಿಡಿದು ಬಿಗಿಮಾಡಿದರಷ್ಟೇ ಕುಡುಗೋಲು ಕತ್ತರಿಸುತ್ತದೆ. ಇಲ್ಲಿ ಮೋಟುಗೈಗೆ ಕೂಡುವ ಒಂದು ಕವಲು ಬೇಕಾಗುತ್ತದೆ. ಪ್ಲಾಸ್ಟಿಕ್ ಪೈಪನ್ನು ಉದ್ದುದ್ದಕ್ಕೆ ಸೀಳಿ ಮುಂಗೈಗೆ ತೊಟ್ಟಿಲಿನಂತೆ ಮಾಡಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರನ್ನೂ ಅರಿವೆಯನ್ನೂ ಹಾಸಿ, ತುದಿಗೆ ಬಾಗಿದ ಎರಡು ಕಬ್ಬಿಣದ ಸಲಾಕೆಗಳನ್ನು ಕೂಡಿಸಿದರೆ ಅದು ಪೈರನ್ನು ಬಳಸಿ ಒತ್ತಿ ಹಿಡಿಯುವದು. ಸಲಾಕೆಯ ತುದಿಗಳನ್ನು ಉಂಡೆ ಮಾಡಬೇಕು. ಇಲ್ಲವಾದರೆ ಬಾಗಿದಾಗ ಮುಖಕ್ಕೆ ಚುಚ್ಚುವ ಭಯವಿದೆ. ಕುಡುಗೋಲು ಗರಗಸದ ಹಲ್ಲಿನದಾಗಿರಲಿ. ನಯವಾದ ಬಾಯಿಯ ಕುಡುಗೋಲಿಗೆ ಬೀಸು ಬೇಕು; ಹಲ್ಲಿನದು ಎಳೆದರೆ ಕೊಯ್ಯುತ್ತದೆ. ಆದ್ದರಿಂದ ಎಡಗಡೆಯ ಹಿಡಿತವು ಸ್ವಲ್ಪ ಸಡಿಲಾದರೂ ನಡೆಯುವದು. ಅದೇ ತೊಟ್ಟಿಲನ್ನು ಸೈಕಲ್ ಗಾಲಿಯ ಎಡೆಕುಂಟೆಯ ಎಡಗಡೆಯ ಹಿಡಿಕೆಗೆ ಕೂಡಿಸಿದರೆ ಎರಡೂ ಕೈಗಳಿಂದ ನೂಕಿದಂತೆ ಸರಳವಾಗಿ ಸಾಗುತ್ತದೆ. ಆದರೆ ಇಲ್ಲಿ ಒಂದು ನಿಯಮವನ್ನು ಎಂದಿಗೂ ಮೀರಬಾರದು: ಮುಂಗೈಯನ್ನು ಬಿಗಿದ ಪಟ್ಟಿಯು, ಮನುಷ್ಯನು ಎಡವಿ ಬಿದ್ದರೆ ತಾನಾಗಿಯೇ ಬಿಚ್ಚಿಕೊಳ್ಳುವಂತಿರಬೇಕು. ಎತ್ತು ಎಳೆಯುವ ಅಥವಾ ಇಂಜಿನು ನಡೆಸುವ ಸಾಧನಕ್ಕಂತೂ ಕೈಯನ್ನು ಕಟ್ಟಲೇಕೂಡದು.

ಮೊದಲ ಮಾದರಿಯನ್ನು ಬಿದಿರು, ಹಗ್ಗ, ಹಳೆಯ ಟ್ಯೂಬುಗಳಿಂದಲೇ ಮಾಡುವದು ಜಾಣತನ. ಕಬ್ಬಿಣದಿಂದ ಮಾಡಿದ ವಸ್ತುವು ತಪ್ಪಿದರೂ ಖರ್ಚಾಯಿತೆಂಬ ಸಂಕೋಚದಿಂದ ಅದನ್ನೇ ಹೊರಿಸುತ್ತಾರೆ. ಬಿದಿರಿನದಾದರೆ ನಾಲ್ಕು ಸಲ ಬದಲಿಸಲು ಯಾರಿಗೂ ಬೇಸರವಿಲ್ಲ. ಒಂದು ಹಂಗಾಮಿನ ಕೆಲಸವನ್ನು ಅದರಿಂದ ಮಾಡಿಸಿ, ಎಲ್ಲಿ ಉಜ್ಜಿತು, ಎಲ್ಲಿ ಭಾರವಾಯಿತು ಎಂಬುದನ್ನು ಆ ರೈತನ ಬಾಯಿಂದಲೇ ಕೇಳಬೇಕು. ಬೇಡವೆನ್ನುವ ಅಧಿಕಾರವು ಅವನಿಗಿರಬೇಕು. ಊರ ಹಿರಿಯರ ಮುಂದೆ ದಾಕ್ಷಿಣ್ಯಕ್ಕೆ 'ಚೆನ್ನಾಗಿದೆ' ಎಂದು ಹೇಳಿಸಿಕೊಂಡರೆ ಯಾರಿಗೂ ಲಾಭವಿಲ್ಲ.

ಊರುಗೋಲಿನ ತುದಿಯು ಸಣ್ಣ ವಿಷಯವೆಂದು ತೋರಬಹುದು. ಕೆಸರಿನ ಸೀಮೆಯಲ್ಲಿ ಅದರಷ್ಟು ದೊಡ್ಡ ವಿಷಯ ಬೇರೆ ಇಲ್ಲ. ಪೇಟೆಯ ಕಂಕುಳಕೋಲಿನ ತುದಿಯಲ್ಲಿರುವ ರಬ್ಬರಿನ ಗುಂಡಿಯು ಒಂದೂವರೆ ಅಂಗುಲ ಅಗಲವಿರುತ್ತದೆಂದು ಇಟ್ಟುಕೊಳ್ಳೋಣ. ಶರೀರದ ಭಾರವೆಲ್ಲ ಅಷ್ಟರ ಮೇಲೆಯೇ ಬಿದ್ದು ಕೋಲು ಮಣ್ಣಿನಲ್ಲಿ ಇಳಿಯುತ್ತದೆ. ಅಗಲವನ್ನು ಮೂರರಷ್ಟು, ಅಂದರೆ ನಾಲ್ಕೂವರೆ ಅಂಗುಲ ಮಾಡಿದರೆ ಭಾರವನ್ನು ಹೊರುವ ಕ್ಷೇತ್ರವು ಒಂಬತ್ತರಷ್ಟಾಗುತ್ತದೆ. ಒತ್ತಡವು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಚಪ್ಪಟೆಯಾದ ಬಿಲ್ಲೆಯನ್ನು ಕೂಡಿಸಿದರೆ ಎತ್ತುವಾಗ ಕೆಸರು ಅದನ್ನು ಹೀರಿ ಹಿಡಿಯುತ್ತದೆ. ಈ ತೊಡಕಿಗೆ ಉತ್ತರವನ್ನು ಎಮ್ಮೆಯ ಗೊರಸಿನಲ್ಲಿ ನೋಡಬಹುದು. ಊರಿದಾಗ ಗೊರಸಿನ ಎರಡು ಹೋಳುಗಳು ಅಗಲವಾಗಿ ಭಾರವನ್ನು ಹೊರುತ್ತವೆ. ಎತ್ತಿದಾಗ ಕೂಡಿಕೊಂಡು ಗಾಳಿಗೆ ಎಡೆಗೊಟ್ಟು ಸುಲಭವಾಗಿ ಬಿಡುತ್ತವೆ. ದಪ್ಪ ಟಾಯರಿನ ತುಂಡನ್ನು ಬಿಲ್ಲೆಯಾಗಿ ಕತ್ತರಿಸಿ, ನಡುವೆ ಸೀಳಿ, ಅಲ್ಲಲ್ಲಿ ರಂಧ್ರಗಳನ್ನು ಕೊರೆದು ತುದಿಗೆ ಕೂಡಿಸಿದರೆ ಗೊರಸಿನ ಗುಣವು ಸ್ವಲ್ಪಮಟ್ಟಿಗೆ ಬರುತ್ತದೆ. ಗಟ್ಟಿ ನೆಲಕ್ಕೆ ಬಂದಾಗ ಬಿಚ್ಚಿಡುವಂತೆ ತಿರುಪು ಇರಲಿ. ಯಾಕಂದರೆ ಅಗಲವಾದ ತುದಿಯು ನುಣುಪಾದ ಕಲ್ಲುಹಾಸಿನ ಮೇಲೆ ಎಡವಿಸುತ್ತದೆ. ಗಾಲಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆಸ್ಪತ್ರೆಯ ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಮೆತ್ತನೆಯ ಮಣ್ಣಿನಲ್ಲಿ ಹೂತು, ಕುಳಿತವನನ್ನು ಮುಂದಕ್ಕೆ ಚೆಲ್ಲುತ್ತವೆ. ಮುಂದೆ ಒಂದೇ ದೊಡ್ಡ ಗಾಲಿಯನ್ನು ದೂರದಲ್ಲಿ ಕೂಡಿಸಿದ ಕುರ್ಚಿಯು ಹೊಲದ ಹಾದಿಗೆ ಹೆಚ್ಚು ತಕ್ಕದ್ದು.

ಪೋಲಿಯೋ ರೋಗವು ನಮ್ಮ ದೇಶದಿಂದ ಹೋಗಿದೆ. ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಲದಲ್ಲಿ ಕಂಡುಬಂದಿತು; 2014ರ ಮಾರ್ಚಿನಲ್ಲಿ ದೇಶವು ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಆದರೆ ಅದಕ್ಕೆ ಮುಂಚೆ ಕೂಸಾಗಿದ್ದಾಗ ಕಾಲು ಕಳೆದುಕೊಂಡವರು ಈಗ ಮನೆತನವನ್ನು ಹೊತ್ತ ವಯಸ್ಕರಾಗಿದ್ದಾರೆ. ಅವರ ತೋಳುಗಳಲ್ಲಿ ಒಳ್ಳೆಯ ಬಲವಿರುತ್ತದೆ, ನಿಲ್ಲುವದಷ್ಟೇ ಆಗದು. ಕಳೆ ತೆಗೆಯುವದು, ಸಸಿಮಡಿಯ ಕೆಲಸ, ಕಾಯಿಪಲ್ಲೆಯ ಬೇಸಾಯ ಇವೆಲ್ಲ ಕುಳಿತೇ ಮಾಡುವಂಥವು. ನೆಲದಿಂದ ಆರು ಅಂಗುಲ ಎತ್ತರದ, ಅಗಲವಾದ ಚಿಕ್ಕ ಗಾಲಿಗಳ ಮಣೆಯನ್ನು ಸಾಲುಗಳ ನಡುವೆ ಕೈಯಿಂದಲೇ ನೂಕಿಕೊಂಡು ಹೋಗಬಹುದು. ಹಸಿನೆಲವಾದರೆ ಗಾಲಿಯ ಬದಲು ಜಾರುವ ಹಲಗೆ. ಕಾಯಿಪಲ್ಲೆಯ ಮಡಿಗಳನ್ನು ಸೊಂಟದೆತ್ತರಕ್ಕೆ ಕಟ್ಟಿಸಿದರೆ ಗಾಲಿಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡಬಹುದು. ಬೆಂಗಳೂರಿನಲ್ಲಿ ಸ್ವತಃ ಪೋಲಿಯೋದಿಂದ ಅಂಗವಿಕಲರಾಗಿದ್ದ ಶ್ರೀಮತಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆಯು ತೋಟಗಾರಿಕೆಯನ್ನೇ ಒಂದು ಉದ್ಯೋಗವನ್ನಾಗಿ ಅಂಗವಿಕಲರಿಗೆ ಕಲಿಸುತ್ತ ಬಂದಿದೆ. ಮಲ್ಲಿಗೆ, ಮೆಣಸಿನಕಾಯಿಗಳ ಸಸಿ ಮಾರುವ ಒಂದು ಮಡಿಯನ್ನು ಮನೆಯ ಹಿತ್ತಲಲ್ಲಿ ನಡೆಸಲು ಎರಡು ಕಾಲು ಬೇಕೆಂಬುದೇನೂ ಇಲ್ಲ.

ಹೆಂಗಸರ ಮಾತನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಕಳೆ ತೆಗೆಯುವ ಕೆಲಸದ ಬಹುಪಾಲು ಅವರದೇ ಆಗಿದ್ದರೂ ಹಿಡಿಕೆಗಳ ಅಳತೆಯು ಗಂಡಸಿನ ಅಂಗೈಯದು, ಕೃತಕ ಕಾಲಿನ ಪಟ್ಟಿಗಳು ಪಾಯಜಾಮೆಗೆ ಒಪ್ಪುವಂಥವು. ಸೀರೆಯ ಕೆಳಗೆ ಬಿಚ್ಚಿಕಟ್ಟಲು ಬಾರದ ಸಾಧನವನ್ನು ಅವರು ಮರ್ಯಾದೆಗಾಗಿ ಬಿಡುತ್ತಾರೆ. ಬಿಟ್ಟದ್ದನ್ನು ಯಾರಿಗೂ ಹೇಳುವದಿಲ್ಲ. ಅಳತೆ ತೆಗೆದುಕೊಳ್ಳುವಾಗ ಹೆಂಗಸರ ಎದುರಿಗೆ ಹೆಂಗಸರೇ ಇರುವಂತೆ ನೋಡಿಕೊಳ್ಳುವದು ಕಠಿಣವಲ್ಲ.

ಕುಷ್ಠರೋಗವು ಗುಣವಾದ ಬಳಿಕವೂ ಅಂಗೈಯಲ್ಲಿ ಸ್ಪರ್ಶವು ಮರಳಿ ಬಾರದವರುಂಟು. ಬೊಬ್ಬೆ ಎದ್ದದ್ದು ಅವರಿಗೆ ತಿಳಿಯುವದಿಲ್ಲ. ಸಲಿಕೆ ಗುದ್ದಲಿಗಳ ಹಿಡಿಕೆಗೆ ಮೆತ್ತನೆಯ ಅರಿವೆಯನ್ನು ದಪ್ಪವಾಗಿ ಸುತ್ತುವದೇ ಅವರಿಗೆ ದೊಡ್ಡ ಸಾಧನ. ಬಲವು ಕಡಿಮೆಯಾದ ಮುದುಕರ ಕೈಗೂ ದಪ್ಪ ಹಿಡಿಕೆಯೇ ಅನುಕೂಲ. ಕಣ್ಣು ಕಾಣದವನಿಗೆ ಮನೆಯಿಂದ ಕೊಟ್ಟಿಗೆಗೂ ಬಾವಿಗೂ ಸೊಂಟದೆತ್ತರದಲ್ಲಿ ಎಳೆದು ಕಟ್ಟಿದ ಹಗ್ಗ, ಔಷಧದ ಬಾಟಲಿಯನ್ನು ಉಳಿದವುಗಳಿಂದ ಬೇರ್ಪಡಿಸಲು ಅದರ ಕೊರಳಿಗೆ ಗಂಟಿನ ದಾರ ಇರಲಿ. ಕಿವಿ ಕೇಳದವನು ಟ್ರ್ಯಾಕ್ಟರ್ ನಡೆಸುವದಾದರೆ ಹಿಂದಿನದು ಕಾಣುವ ಎರಡು ಕನ್ನಡಿಗಳು ಬೇಕೇ ಬೇಕು.

ಇನ್ನು ಅಂಗವಿಕಲತೆಯನ್ನೇ ಹುಟ್ಟಿಸುವ ಸಾಧನದ ಮಾತು. ಒಕ್ಕುವ ಯಂತ್ರದಲ್ಲಿ ಪೈರನ್ನು ತುರುಕುವಾಗ ಹಲ್ಲಿನ ದಿಂಡು ಪೈರಿನೊಡನೆ ಕೈಯನ್ನೂ ಎಳೆಯುತ್ತದೆ. ಮನುಷ್ಯನು ಕೈ ಹಿಂತೆಗೆಯುವ ವೇಗಕ್ಕಿಂತ ಯಂತ್ರದ ವೇಗವು ಬಹಳ ಹೆಚ್ಚು. ಇಂಥ ಅಪಘಾತಗಳನ್ನು ತಡೆಯುವ ಸಲುವಾಗಿಯೇ ಪಾರ್ಲಿಮೆಂಟು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಪೈರನ್ನು ಹಾಕುವ ತೊಟ್ಟಿಯು ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ದಿಂಡಿನ ಕಡೆಯ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕೆಂಬುದು ಭಾರತೀಯ ಮಾನಕದ ಅಳತೆ. ಹೀಗಿದ್ದರೆ ಕೈ ಹಲ್ಲಿನ ವರೆಗೆ ಹೋಗುವದೇ ಇಲ್ಲ. ಯಂತ್ರವನ್ನು ಬಾಡಿಗೆಗೆ ಕೊಡುವ ಜಮೀನುದಾರರು ಒಂದು ಮೊಳಪಟ್ಟಿಯನ್ನು ಹಿಡಿದು ತಮ್ಮ ಯಂತ್ರದ ತೊಟ್ಟಿಯನ್ನು ಇಂದೇ ಅಳೆಯಬಹುದು. ಕೆಲಸವು ತ್ವರಿತವಾಗಲೆಂದು ಮುಚ್ಚಳವನ್ನು ಕಿತ್ತಿಟ್ಟವರು ಅದನ್ನು ತಿರುಗಿ ಕೂಡಿಸತಕ್ಕದ್ದು.

ಹೊರದೇಶಗಳಲ್ಲಿ ಈ ವಿಷಯಕ್ಕೆ ಕೊಟ್ಟ ಮಹತ್ವವನ್ನು ತಿಳಿಯಬಯಸುವವರಿಗೆ ಎರಡು ಉದಾಹರಣೆಗಳು ಸಾಕು. ಅಮೇರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1979ರಿಂದ ಅಂಗವಿಕಲ ರೈತರಿಗಾಗಿಯೇ ಒಂದು ಶಾಖೆಯು ನಡೆದುಬಂದಿತು. ಅದರ ಅನುಭವದ ಮೇಲೆ 1990ರ ಕೃಷಿ ಕಾಯಿದೆಯಲ್ಲಿ ಇಡೀ ದೇಶಕ್ಕೆ ಅಂಥ ಯೋಜನೆಯನ್ನು ಸೇರಿಸಲಾಯಿತು. ಮೆಕ್ಸಿಕೋ ದೇಶದ ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ 1981ರಿಂದ ಅಂಗವಿಕಲರು ತಾವೇ ಕಮ್ಮಟವನ್ನು ನಡೆಸಿ ಗಾಲಿಕುರ್ಚಿ, ಊರುಗೋಲುಗಳನ್ನು ಮಾಡಿಕೊಟ್ಟರು. ಎರಡನೆಯದು ನಮ್ಮ ಹಳ್ಳಿಗಳಿಗೆ ಹೆಚ್ಚು ಸಮೀಪವಾದದ್ದು. ಅಲ್ಲಿ ಬಳಸಿದ್ದು ಸ್ಥಳೀಯ ಸಾಮಗ್ರಿ, ಅಲ್ಲಿಯ ಮೇಸ್ತ್ರಿಗಳು ಅಂಗವಿಕಲರೇ.

ಊರಿನ ಪ್ರಮುಖರ ಕೈಯಲ್ಲಿರುವ ಅನುಕೂಲತೆಗಳು ಕಡಿಮೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ವಿಧದ ನ್ಯೂನತೆಗಳನ್ನು ಗುರುತಿಸಿದೆ. ಸರಕಾರದ ಯೋಜನೆಗಳಲ್ಲಿ ಸಾಗುವಳಿ ಭೂಮಿ ಹಾಗೂ ಮನೆಗಳನ್ನು ಹಂಚುವಾಗ ನೂರಕ್ಕೆ 5ರಷ್ಟನ್ನು, ನ್ಯೂನತೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದವರಿಗೆ ಕಾಯ್ದಿರಿಸಬೇಕೆಂದೂ ಅವರಲ್ಲಿ ಹೆಂಗಸರಿಗೆ ಪ್ರಾಶಸ್ತ್ಯ ಕೊಡಬೇಕೆಂದೂ ಅದರ 37ನೆಯ ಕಲಮು ವಿಧಿಸಿದೆ. ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರ ಸಲುವಾಗಿ ತೆಗೆದಿಡುವ ನಿಧಿಯಿದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಈ ನಿಧಿಯನ್ನು ವರ್ಷದ ಕೊನೆಗೆ ಅವಸರದಿಂದ ಒಂದೇ ಮಾದರಿಯ ಸಾಮಾನುಗಳನ್ನು ಕೊಂಡು ಹಂಚಿ ಮುಗಿಸುವದಕ್ಕಿಂತ, ಅದರಲ್ಲಿ ಒಂದಿಷ್ಟನ್ನು ಊರಿನ ಬಡಿಗನಿಗೂ ವೆಲ್ಡಿಂಗ್ ಅಂಗಡಿಯವನಿಗೂ ಕೂಲಿಯಾಗಿ ಕೊಟ್ಟು, ಒಬ್ಬೊಬ್ಬರ ಅಳತೆಗೆ ಸಾಧನವನ್ನು ಮಾಡಿಸುವದು ಹೆಚ್ಚು ಫಲಕಾರಿ. ಅದರಷ್ಟೇ ಅವಶ್ಯವಾದದ್ದು ಹಾದಿ. ಊರಿನಿಂದ ಕಣದ ವರೆಗೆ ಒಂದು ಬದುವನ್ನಾದರೂ ಮೂರಡಿ ಅಗಲ ಮಾಡಿ ಗರಸು ಹಾಕಿಸಿದರೆ, ಪಂಚಾಯತಿಯ ಕಚೇರಿಗೂ ರೇಶನ್ ಅಂಗಡಿಗೂ ಪ್ರತಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರನ್ನು ಕಟ್ಟಿಸಿದರೆ, ಗಾಲಿಯ ಸಾಧನಗಳು ಅಟ್ಟದಿಂದ ಕೆಳಗಿಳಿಯುವವು. ಆ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರೂ ಮುದುಕರೂ ನಡೆಯುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾಧನದ ಅಳತೆಗೆ ತಕ್ಕ ಕಾಲವು ಯುಗಾದಿಯಿಂದ ರೋಹಿಣಿ ಮಳೆಯ ವರೆಗಿನದು. ಆಗ ಹೊಲದಲ್ಲಿ ಕೆಲಸವು ಕಡಿಮೆ. ಕೂರಿಗೆ ಕುಂಟೆಗಳ ದುರಸ್ತಿಗೆಂದು ಬಡಿಗನೂ ಕಮ್ಮಾರನೂ ಹೇಗೂ ಸಾಮಗ್ರಿಯನ್ನು ಹರವಿಕೊಂಡು ಕುಳಿತಿರುತ್ತಾರೆ. ಊರಿನ ಉಳಿದ ಕೂರಿಗೆಗಳ ಜೊತೆಗೆ ಬೆತ್ತದ ಬಳೆಯ ಬೀಜದ ಚೀಲವೂ ತೊಟ್ಟಿಲು ಹಿಡಿಕೆಯ ಎಡೆಕುಂಟೆಯೂ ಸಿದ್ಧವಾದರೆ ಮೃಗಶಿರದ ಬಿತ್ತಿಗೆಯಲ್ಲಿಯೇ ಅವುಗಳ ಮೊದಲ ಪರೀಕ್ಷೆಯಾಗುವದು. ಕವಲು ಮತ್ತು ಕುಡುಗೋಲುಗಳನ್ನು ಕೊಯ್ಲಿಗೆ ಮುಂಚೆ, ನವರಾತ್ರಿಯ ಹೊತ್ತಿಗೆ, ಮಾಡಿಸಿದರೆ ಸಾಕು.